ವಿದ್ಯುನ್ಮಾನ ಆರೋಗ್ಯ ದಾಖಲೆಗಳಲ್ಲಿ ಎಚ್ಚರಿಕೆಗಳು

ರೋಗಿಯ ದಾಖಲೆಯನ್ನು ಕಂಪ್ಯೂಟರಿನಲ್ಲಿ ಅಥವಾ ಮೊಬೈಲಿನಲ್ಲಿ ಇಡುವ ವ್ಯವಸ್ಥೆ ಆ ದಾಖಲೆಯನ್ನು ಮೊದಲೇ ಬರೆದಿಟ್ಟ ನಿಯಮಗಳಿಗೆ ಒರೆಹಚ್ಚಿ ನೋಡುತ್ತದೆ. ಅಪಾಯದ ಸುಳಿವು ಕಂಡರೆ ವೈದ್ಯರಿಗೋ ನರ್ಸಿಗೋ ಔಷಧ ವಿತರಕರಿಗೋ ಊರಿನ ಆಶಾ ಕಾರ್ಯಕರ್ತೆಗೋ ಸೂಚನೆ ಕೊಡುತ್ತದೆ. ಇದೇ ಎಚ್ಚರಿಕೆ, ಆಸ್ಪತ್ರೆಯ ಮಾತಿನಲ್ಲಿ ಅಲರ್ಟ್. ಪೆನಿಸಿಲಿನ್ ಆಗದವರಿಗೆ ಅಮಾಕ್ಸಿಸಿಲಿನ್ ಬರೆದಾಗ, ರಕ್ತದಲ್ಲಿ ಪೊಟ್ಯಾಸಿಯಂ ಏರಿದ ವರದಿ ಲ್ಯಾಬಿನಿಂದ ಬಂದಾಗ, ತುಂಬು ಗರ್ಭಿಣಿಯ ಬಿಪಿ 160 ದಾಟಿದಾಗ ಪರದೆಯ ಮೇಲೆ ಕಾಣುವ ಕೆಂಪು ಪಟ್ಟಿ ಇದಕ್ಕೆ ಉದಾಹರಣೆ. ಎಚ್ಚರಿಕೆ ತಾನೇ ಯಾರಿಗೂ ಚಿಕಿತ್ಸೆ ಕೊಡುವುದಿಲ್ಲ. ಅದು ಒಬ್ಬರ ಕೈಗೆ ಒಂದು ಕೆಲಸ ಒಪ್ಪಿಸುತ್ತದೆ. ಆ ಕೈ ಯಾರದು, ಆ ಹೊತ್ತಿಗೆ ಅದಕ್ಕೆ ಬಿಡುವಿದೆಯೇ, ಹೇಳಿದ ಕೆಲಸ ಅಲ್ಲಿ ಆಗುವಂಥದ್ದೇ ಎಂದು ಕೇಳಿಕೊಳ್ಳದೆ ರಚಿಸಿದ ಎಚ್ಚರಿಕೆ ಬರಿಯ ಸದ್ದು.

ಕರ್ನಾಟಕದಲ್ಲಿ ಈ ವಿಷಯಕ್ಕೆ ಸಿಗುವ ಅತ್ಯಂತ ಬೋಧಪ್ರದ ಉದಾಹರಣೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳದ್ದಲ್ಲ, ಮಲಪ್ರಭಾ ಮತ್ತು ಘಟಪ್ರಭಾ ನದಿಗಳ ಸೀಮೆಯ ಹಳ್ಳಿಗಳದ್ದು.

ಬಾಗಲಕೋಟೆ ಮತ್ತು ಬೆಳಗಾವಿಯ ಅನುಭವ

ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಬಾದಾಮಿ ತಾಲ್ಲೂಕಿನ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರವನ್ನು ಕಟ್ಟಿದರು. ವಟುಗಳ ಶಿಕ್ಷಣಕ್ಕೂ ತಾಡವಾಲೆಗಳ ಸಂಗ್ರಹಕ್ಕೂ ಹೆಸರಾದ ನೆಲೆ ಅದು. ಬಾಗಲಕೋಟೆಯಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘ ನಡೆಸುವ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಅವರದೇ ಹೆಸರಿದೆ: ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆ. ಮಂದಿರದ ಆಸುಪಾಸಿನ ಹಳ್ಳಿಯ ಗರ್ಭಿಣಿಗೆ ತೊಂದರೆಯಾದರೆ ಹಾದಿ ಉಪಕೇಂದ್ರದಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಬಾದಾಮಿಯ ತಾಲ್ಲೂಕು ಆಸ್ಪತ್ರೆಗೆ, ಅಲ್ಲೂ ಆಗದಿದ್ದರೆ ಬಾಗಲಕೋಟೆಗೆ. ಎಚ್ಚರಿಕೆಯೂ ಇದೇ ಹಾದಿ ಹಿಡಿಯಬೇಕು. ಹಾದಿಯ ಒಂದು ಕೊಂಡಿ ಕಳಚಿದರೂ ಮೊಬೈಲಿನ ಕೆಂಪು ಬಣ್ಣಕ್ಕೆ ಅರ್ಥ ಉಳಿಯುವುದಿಲ್ಲ.

ಈ ಮಾತನ್ನು ಒರೆಗೆ ಹಚ್ಚಿದ್ದು ಕ್ಲಿಪ್ ಎಂಬ ಪ್ರಯೋಗ. ಗರ್ಭಿಣಿಯರ ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನು ಹೋಗುವ ಪ್ರಿ-ಎಕ್ಲಾಂಪ್ಸಿಯಾ ಕೆಲವೊಮ್ಮೆ ಗಂಟೆಗಳಲ್ಲಿ ಫಿಟ್ಸ್‌ಗೆ ತಿರುಗುತ್ತದೆ. ಅದನ್ನು ಮನೆಬಾಗಿಲಲ್ಲೇ ಹಿಡಿಯಬಹುದೇ ಎಂದು ನೋಡಲು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು, ಬಾಗಲಕೋಟೆಯ ಕಾಲೇಜು ಮತ್ತು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ 12 ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯನ್ನು ಆರಿಸಿಕೊಂಡರು. 2014ರಿಂದ 2016ರವರೆಗೆ 14,783 ಗರ್ಭಿಣಿಯರನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳಲಾಯಿತು. ಪ್ರಯೋಗದ ಪಾಲಿಗೆ ಬಂದ ಊರುಗಳಲ್ಲಿ ಆಶಾ ಮತ್ತು ಎಎನ್‌ಎಂಗಳು ಬಿಪಿ ಯಂತ್ರ, ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕ ಮತ್ತು ಒಂದು ಮೊಬೈಲ್ ಆ್ಯಪ್ ಹಿಡಿದು ಮನೆಮನೆಗೆ ಹೋದರು. ಎಷ್ಟು ತಿಂಗಳು, ಎಷ್ಟನೆಯ ಬಸಿರು, ತಲೆನೋವು, ಕಣ್ಣು ಮಂಜು, ಎದೆನೋವು, ಉಸಿರು ಕಟ್ಟುವುದು, ಹೊಟ್ಟೆನೋವಿನ ಜೊತೆ ರಕ್ತಸ್ರಾವ ಎಂದು ಆ್ಯಪ್ ಒಂದೊಂದಾಗಿ ಕೇಳುತ್ತಿತ್ತು. ಉತ್ತರಗಳಿಂದ ಲೆಕ್ಕ ಹಾಕಿದ ಅಪಾಯದ ಸಂಭವ ಶೇ. 25 ಮುಟ್ಟಿದರೆ ಮುಂದಿನ ಹೆಜ್ಜೆ ಏನೆಂದು ಹೇಳುತ್ತಿತ್ತು: ಬಿಪಿ ಇಳಿಸುವ ಮೀಥೈಲ್‌ಡೋಪಾ ಮಾತ್ರೆ, ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು, 4 ಗಂಟೆಯೊಳಗೆ ಆಸ್ಪತ್ರೆಗೆ ಕಳಿಸಬೇಕೋ 24 ಗಂಟೆಯೊಳಗೋ ಎಂಬ ತೀರ್ಮಾನ.

ರಚನೆಯ ದೃಷ್ಟಿಯಿಂದ ಇದು ಅಚ್ಚುಕಟ್ಟಾದ ಎಚ್ಚರಿಕೆ. ‘ಹುಷಾರು’ ಎಂದು ಹೇಳಿ ಸುಮ್ಮನಾಗದೆ ಏನು ಮಾಡಬೇಕು, ಎಷ್ಟು ಹೊತ್ತಿನಲ್ಲಿ ಮಾಡಬೇಕು ಎಂದೂ ಹೇಳಿತು. ಬೇಕಾದ ಔಷಧವೂ ಜೊತೆಗಿತ್ತು. ಆದರೂ 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ತಾಯಿ-ಮಗುವಿನ ಸಾವು ಮತ್ತು ತೀವ್ರ ಅನಾರೋಗ್ಯದ ಒಟ್ಟು ಲೆಕ್ಕ ಪ್ರಯೋಗದ ಊರುಗಳಲ್ಲೂ ಹೋಲಿಕೆಯ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಪಾಕಿಸ್ತಾನ ಮತ್ತು ಮೊಜಾಂಬಿಕ್ ಸೇರಿಸಿ 44 ಪ್ರದೇಶಗಳ ಲೆಕ್ಕ ಕೂಡಿಸಿದಾಗಲೂ ಉತ್ತರ ಬದಲಾಗಲಿಲ್ಲ. ಕಾರ್ಯಕರ್ತೆ 8 ಅಥವಾ ಅದಕ್ಕೂ ಹೆಚ್ಚು ಬಾರಿ ಭೇಟಿ ಕೊಟ್ಟ ಗರ್ಭಿಣಿಯರಲ್ಲಿ ಪರಿಸ್ಥಿತಿ ಮೇಲು ಎಂಬ ಸುಳಿವು ಮಾತ್ರ ಸಿಕ್ಕಿತು. ಎಚ್ಚರಿಕೆ ಏಳಬೇಕಾದರೆ ಮೊದಲು ಯಾರಾದರೂ ಬಿಪಿ ನೋಡಬೇಕು. ಬಿಸಿಲಲ್ಲಿ ಹೊಲದ ಮನೆವರೆಗೆ ನಡೆದು ಹೋಗುವ ಆ ಕೆಲಸವನ್ನು ಯಾವ ಆ್ಯಪ್ ಕೂಡ ಮಾಡಿಕೊಡದು.

ನೆರೆಯ ಗೋಕಾಕದ ಕಥೆಯೂ ಇಂಥದ್ದೇ. ಲಂಡನ್ನಿನ ಕಿಂಗ್ಸ್ ಕಾಲೇಜಿನ ತಂಡ ರೂಪಿಸಿದ ಕ್ರೇಡಲ್ ಎಂಬ ಪುಟ್ಟ ಯಂತ್ರ ಬಿಪಿ ಮತ್ತು ನಾಡಿಬಡಿತ ಅಳೆದು ಸಿಗ್ನಲ್ ದೀಪದಂತೆ ಹಸಿರು, ಹಳದಿ, ಕೆಂಪು ತೋರಿಸುತ್ತದೆ. 140/90 ಮುಟ್ಟಿದರೆ ಹಳದಿ, 160/110 ಮುಟ್ಟಿದರೆ ಕೆಂಪು. ಬಿಪಿ ಕುಸಿದು ನಾಡಿ ಓಡುತ್ತಿದ್ದರೆ, ಅಂದರೆ ರಕ್ತ ಹೋಗುತ್ತಿರುವ ಶಂಕೆ ಇದ್ದರೆ, ಆಗಲೂ ಬಣ್ಣ ಬದಲಾಗುತ್ತದೆ. ಆಫ್ರಿಕಾ, ಹೈಟಿ ಮತ್ತು ಭಾರತದ ಹತ್ತು ಕಡೆ ನಡೆದ ಇದರ ಪರೀಕ್ಷೆಯಲ್ಲಿ ಗೋಕಾಕವೂ ಒಂದು ತಾಣ. 2019ರಲ್ಲಿ ಬಂದ ವರದಿಯಲ್ಲಿ 5 ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕವಿದೆ. ತೊಂದರೆಗಳ ಪ್ರಮಾಣ ಇಳಿದದ್ದು ನಿಜ. ಆದರೆ ಕಾಲ ಕಳೆದಂತೆ ಹೇಗೂ ಆಗುತ್ತಿದ್ದ ಸುಧಾರಣೆಯನ್ನು ಕಳೆದು ನೋಡಿದರೆ ಯಂತ್ರದ ಪಾಲು ಇಷ್ಟೆಂದು ಹೇಳಲಾಗಲಿಲ್ಲ. ಈ ಯಂತ್ರದ ಒಂದು ಗುಣವನ್ನಂತೂ ಮರೆಯಬಾರದು. ಓದು ಬರಹ ಕಡಿಮೆ ಇದ್ದವರಿಗೂ, ಕನ್ನಡ ಮಾತ್ರ ಬಲ್ಲವರಿಗೂ ಅದು ಅರ್ಥವಾಗುತ್ತದೆ. ನಮ್ಮ ಆಸ್ಪತ್ರೆಗಳ ಎಷ್ಟೋ ತಂತ್ರಾಂಶಗಳು ಇಂದಿಗೂ ನರ್ಸಿನ ಮುಂದೆ ಮೂರು ಸಾಲು ಇಂಗ್ಲಿಷ್ ಸುರಿಯುತ್ತವೆ.

ಕಾಗದದ ಕಾಲದಲ್ಲೂ ಎಚ್ಚರಿಕೆ ಇತ್ತು. ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯ ಗೆರೆ, 2016ರಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ತಂದ ಕೆಂಪು ಸ್ಟಿಕ್ಕರ್, ಸುಕ್ಷೇಮ ಯೋಜನೆ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳ ಹೆರಿಗೆ ಕೋಣೆಗಳಿಗೆ ಕೊಟ್ಟ ಹೊಸ ಕೇಸ್‌ಶೀಟ್, ಎಲ್ಲವೂ ಅದರ ಪೂರ್ವರೂಪಗಳು. ಬಾಗಲಕೋಟೆಯೂ ಆ ಎಂಟರಲ್ಲಿ ಸೇರಿತ್ತು. ನರ್ಸ್ ಬರೆಯುತ್ತ ಹೋದಂತೆ ಮುಂದೇನು ನೋಡಬೇಕೆಂದು ಆ ಹಾಳೆಯೇ ನೆನಪಿಸುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯ ಮೊದಲ ಪರೀಕ್ಷೆಗಳಲ್ಲಿ ಒಂದು ನಡೆದದ್ದೂ ಕರ್ನಾಟಕದ ತಾಲ್ಲೂಕು ಮಟ್ಟದ ಹೆರಿಗೆ ಆಸ್ಪತ್ರೆಯಲ್ಲಿ. 29 ಅಗತ್ಯ ಕ್ರಮಗಳ ಪೈಕಿ ಸರಾಸರಿ 10 ನಡೆಯುತ್ತಿದ್ದಲ್ಲಿ ಪಟ್ಟಿ ಬಂದ ಮೇಲೆ 25 ನಡೆದವು ಎಂದು 2012ರಲ್ಲಿ ವರದಿಯಾಯಿತು. ಮುಂದೆ ಅದೇ ಪಟ್ಟಿಯನ್ನು ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಕ್ರಮಗಳು ಹೆಚ್ಚಿದವು, ಸಾವು ಇಳಿಯಲಿಲ್ಲ.

ದೀರ್ಘಕಾಲದ ರೋಗಗಳಲ್ಲಿ ಎರಡು ಉದಾಹರಣೆಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಎಂವೆಲ್‌ಕೇರ್ ಎಂಬ ವ್ಯವಸ್ಥೆಯನ್ನು ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ 3,698 ರೋಗಿಗಳೊಂದಿಗೆ ಪರೀಕ್ಷಿಸಲಾಯಿತು. ನರ್ಸ್ ಟ್ಯಾಬ್ಲೆಟ್ಟಿನಲ್ಲಿ ಬಿಪಿ, ಶುಗರ್ ತುಂಬುವರು. ಯಾವ ಮಾತ್ರೆ, ಎಷ್ಟು ಎಂಬ ಸಲಹೆ ವೈದ್ಯರಿಗೆ ಸಿಗುವುದು. ವರ್ಷದ ಕೊನೆಗೆ ಬಿಪಿಯಲ್ಲಾಗಲಿ ಸಕ್ಕರೆಯಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹೋಲಿಕೆಯ ಕೇಂದ್ರಗಳ ಸಿಬ್ಬಂದಿಗೂ ತರಬೇತಿ ಸಿಕ್ಕಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು. ಭಾರತ ಮತ್ತು ಪಾಕಿಸ್ತಾನದ 10 ಮಧುಮೇಹ ಚಿಕಿತ್ಸಾಲಯಗಳಲ್ಲಿ 1,146 ರೋಗಿಗಳ ಮೇಲೆ ನಡೆದ ಕಾರ್ಸ್ ಪ್ರಯೋಗದ ಫಲ ಬೇರೆ. ಅಲ್ಲಿ ಸಕ್ಕರೆಯ ಜೊತೆಗೆ ಬಿಪಿ ಅಥವಾ ಕೊಲೆಸ್ಟರಾಲ್ ಗುರಿಯನ್ನೂ ಮುಟ್ಟಿದವರು ಶೇ. 18.2, ಸಾಮಾನ್ಯ ಚಿಕಿತ್ಸೆಯವರಲ್ಲಿ ಶೇ. 8.1. ಅಲ್ಲಿ ಕಂಪ್ಯೂಟರಿನ ಸೂಚನೆಯ ಬೆನ್ನಿಗೆ ರೋಗಿಗೆ ಫೋನು ಮಾಡಿ, ವೈದ್ಯರಿಗೆ ನೆನಪಿಸಿ, ಮುಂದಿನ ಭೇಟಿ ಗೊತ್ತುಮಾಡುವ ಒಬ್ಬ ಸಂಯೋಜಕರಿದ್ದರು. ಗೆಲುವಿನಲ್ಲಿ ತಂತ್ರಾಂಶದ ಪಾಲೆಷ್ಟು, ಆ ಸಂಯೋಜಕರ ಪಾಲೆಷ್ಟು ಎಂದು ಬಿಡಿಸಿ ಹೇಳುವಂತಿಲ್ಲ. ದುಡ್ಡು ಒಂದಕ್ಕೇ ಇದೆ ಎಂದಾದರೆ ಈ ಲೇಖಕನ ಮತ ಸಂಯೋಜಕರ ಕಡೆಗೆ.

ಹಿನ್ನೆಲೆ

ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಎಲ್‌ಡಿಎಸ್ ಆಸ್ಪತ್ರೆಯಲ್ಲಿ ಹೋಮರ್ ವಾರ್ನರ್ 1960ರ ದಶಕದ ಕೊನೆಗೆ ಕಟ್ಟತೊಡಗಿದ ಹೆಲ್ಪ್ ವ್ಯವಸ್ಥೆ ಈ ಬಗೆಯ ಎಚ್ಚರಿಕೆಗಳ ಆದಿಗಳಲ್ಲೊಂದು. 1976ರಲ್ಲಿ ಇಂಡಿಯಾನಾಪೊಲಿಸ್‌ನ ಕ್ಲೆಮೆಂಟ್ ಮೆಕ್‌ಡೊನಾಲ್ಡ್ ಪ್ರಕಟಿಸಿದ ಪ್ರಯೋಗ ಇನ್ನೂ ಮುಖ್ಯ. ಕಂಪ್ಯೂಟರು ನೆನಪಿಸಿದಾಗ ವೈದ್ಯರು ಗಮನಿಸಬೇಕಾದ ಸಂಗತಿಗಳಲ್ಲಿ ಶೇ. 51ಕ್ಕೆ ಸ್ಪಂದಿಸಿದರು, ನೆನಪಿಸದಿದ್ದಾಗ ಶೇ. 22ಕ್ಕೆ. ವೈದ್ಯರಿಗೆ ಗೊತ್ತಿಲ್ಲವೆಂದು ತಪ್ಪಾಗುವುದಲ್ಲ, ಮನುಷ್ಯನ ಗಮನಕ್ಕೇ ಮಿತಿಯಿದೆ ಎಂಬುದು ಮೆಕ್‌ಡೊನಾಲ್ಡ್ ಅವರ ವಾದ. ಭಾರತದಲ್ಲಿ ಆರೋಗ್ಯ ದಾಖಲೆಗಳ ರಾಷ್ಟ್ರೀಯ ಮಾನದಂಡಗಳು 2013ರಲ್ಲಿ ಬಂದು 2016ರಲ್ಲಿ ಪರಿಷ್ಕೃತವಾದವು. 14 ಅಂಕಿಯ ಆಭಾ ಸಂಖ್ಯೆಯ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರಿನಲ್ಲಿ ದೇಶವ್ಯಾಪಿಯಾಯಿತು.

ಎಚ್ಚರಿಕೆಯ ದಣಿವು

ಒಂದು ಲೆಕ್ಕ ಹಾಕಿ ನೋಡೋಣ. ಸಾವಿರ ರೋಗಿಗಳಲ್ಲಿ 10 ಜನಕ್ಕೆ ನಿಜವಾದ ಅಪಾಯವಿದೆ, ಎಚ್ಚರಿಕೆ 100ಕ್ಕೆ 90 ಸಲ ಸರಿಯಾಗಿ ಹೇಳುತ್ತದೆ ಎಂದುಕೊಳ್ಳಿ. ಅಪಾಯವಿರುವ 10 ಜನರಲ್ಲಿ 9 ಜನರನ್ನು ಅದು ಹಿಡಿಯುತ್ತದೆ. ಆದರೆ ಆರಾಮಾಗಿರುವ 990 ಜನರಲ್ಲಿ 99 ಜನರ ಮೇಲೂ ಕೂಗುತ್ತದೆ. ಶೇ. 90 ನಿಖರ ಎಂದು ಮಾರಾಟವಾದ ವ್ಯವಸ್ಥೆ ಹೀಗೆ ಹನ್ನೆರಡು ಸಲ ಕೂಗಿದರೆ ಒಂದು ಸಲ ಮಾತ್ರ ನಿಜ. ಎರಡು ವಾರ ಕೇಳಿದ ಮೇಲೆ ಸಿಬ್ಬಂದಿ ಕಲಿಯುವ ಪಾಠ ಒಂದೇ: “ಅದು ದಿನಾ ಬರ್ತೈತ್ರಿ, ಓಕೆ ಒತ್ರಿ.” ಇದನ್ನು ಸೋಮಾರಿತನ ಎನ್ನಲಾಗದು. ಸುಳ್ಳು ಹೇಳುವವರ ಮಾತಿಗೆ ಕಿವಿಗೊಡದಿರುವುದು ಬುದ್ಧಿವಂತರ ಲಕ್ಷಣವೇ.

ನೆದರ್ಲೆಂಡ್ಸಿನ ಹೆಲೀನ್ ವಾನ್ ಡೆರ್ ಸೈಸ್ 2006ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಔಷಧ ಸುರಕ್ಷತೆಯ ಎಚ್ಚರಿಕೆಗಳಲ್ಲಿ ಶೇ. 49ರಿಂದ 96ರಷ್ಟನ್ನು ವೈದ್ಯರು ಬದಿಗೊತ್ತುತ್ತಾರೆ. ಇದರ ಬೆಲೆ ಏನೆಂದು 2013ರ ಒಂದು ಘಟನೆ ತೋರಿಸಿತು. ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಒಬ್ಬ ಹುಡುಗನಿಗೆ 160 ಮಿಲಿಗ್ರಾಂ ಕೊಡಬೇಕಿದ್ದಲ್ಲಿ, ತಂತ್ರಾಂಶದ ಪೆಟ್ಟಿಗೆ ಕಿಲೋ ತೂಕಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ನಿಂತಿದ್ದರಿಂದ, ಒಂದು ಮಾತ್ರೆಯ ಬದಲು ಮೂವತ್ತೆಂಟೂವರೆ ಮಾತ್ರೆ ಕೊಡಲಾಯಿತು. ಕಂಪ್ಯೂಟರು ಎಚ್ಚರಿಸದೆ ಇರಲಿಲ್ಲ. ಆ ಎಚ್ಚರಿಕೆ ದಿನನಿತ್ಯದ ನೂರಾರು ಎಚ್ಚರಿಕೆಗಳ ಹಾಗೆಯೇ ಕಂಡದ್ದರಿಂದ ಮುಂದೆ ಸರಿಯಿತು. ಹುಡುಗ ಬದುಕಿದ. ರಾಬರ್ಟ್ ವಾಕ್ಟರ್ 2015ರ ತಮ್ಮ ಪುಸ್ತಕದಲ್ಲಿ ಈ ಪ್ರಕರಣವನ್ನು ವಿವರವಾಗಿ ಬಿಡಿಸಿದ್ದಾರೆ.

ರಚನೆಯ ಕ್ರಮ

ಮೊದಲ ಪ್ರಶ್ನೆ ಮಟ್ಟದ್ದು. ಕೆಲವು ಎಚ್ಚರಿಕೆಗಳು ಕೆಲಸವನ್ನೇ ತಡೆದು ನಿಲ್ಲಿಸುತ್ತವೆ, ಕೆಲವು ಕಾರಣ ಕೇಳಿ ಬಿಡುತ್ತವೆ, ಕೆಲವು ಪರದೆಯ ಅಂಚಿನಲ್ಲಿ ಸುಮ್ಮನೆ ಕೂರುತ್ತವೆ. ಎರಡು ಔಷಧಗಳು ಕೂಡಿದರೆ ಆಗುವ ಅಪಾಯವನ್ನು ತೀವ್ರತೆಗೆ ತಕ್ಕಂತೆ ಹೀಗೆ ಮಟ್ಟ ಮಾಡಿ ತೋರಿಸಿದ ಒಂದು ಅಮೆರಿಕನ್ ಆಸ್ಪತ್ರೆಯಲ್ಲಿ ಅತಿ ತೀವ್ರ ಎಚ್ಚರಿಕೆಗಳೆಲ್ಲವನ್ನೂ ವೈದ್ಯರು ಒಪ್ಪಿದರು. ಎಲ್ಲವನ್ನೂ ಒಂದೇ ಬಣ್ಣದಲ್ಲಿ ತೋರಿಸಿದ ಇನ್ನೊಂದರಲ್ಲಿ ಶೇ. 34ನ್ನು ಮಾತ್ರ (2009). ಹಾಗೆಂದು ಎಲ್ಲಕ್ಕೂ ಬೀಗ ಜಡಿಯುವುದೂ ಸಲ್ಲದು. ವಾರ್ಫರಿನ್ ಜೊತೆ ಕೋ-ಟ್ರೈಮಾಕ್ಸಜೋಲ್ ಬರೆಯದಂತೆ ಪೂರ್ತಿ ತಡೆಯುವ ನಿಯಮವನ್ನು ಪೆನ್ಸಿಲ್ವೇನಿಯಾದಲ್ಲಿ ಪರೀಕ್ಷಿಸಿದಾಗ ಅದು ಚೆನ್ನಾಗಿಯೇ ತಡೆಯಿತು. ಆದರೆ ನಾಲ್ವರು ರೋಗಿಗಳಿಗೆ ಬೇಕಾದ ಔಷಧವೇ ತಡವಾಯಿತು. ಪ್ರಯೋಗವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು (2010).

ಎರಡನೆಯದು ಹೊತ್ತು. ವೈದ್ಯರು ಔಷಧ ಆರಿಸುವ ಮೊದಲೇ ಮೂತ್ರಪಿಂಡದ ವರದಿ ಕಣ್ಣಿಗೆ ಬಿದ್ದರೆ ಅದು ಸಹಾಯ. ಚೀಟಿ ಬರೆದು, ರೋಗಿಗೆ ವಿವರಿಸಿ, ಮುಂದಿನವರನ್ನು ಕರೆದ ಮೇಲೆ ಬಂದರೆ ಕಿರಿಕಿರಿ. ಮಾತೂ ಮುಖ್ಯ. ‘ಔಷಧ ಪ್ರತಿಕ್ರಿಯೆಯ ಸಾಧ್ಯತೆ ಇದೆ’ ಎಂಬ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ. ‘ಗರ್ಭಿಣಿ. ಟೆಲ್ಮಿಸಾರ್ಟನ್ ಬೇಡ. ಬದಲಿಗೆ ಇವು’ ಎಂದು ಹೇಳಿ, ಬದಲಿ ಔಷಧವನ್ನು ಒಂದೇ ಒತ್ತಿಗೆ ಆರಿಸುವಂತಿದ್ದರೆ ಕೆಲಸ ಮುಗಿಯಿತು. ಬದಿಗೊತ್ತಿದ್ದೇಕೆ ಎಂದು ಕೇಳುವ ಪೆಟ್ಟಿಗೆಯಲ್ಲಿ ಬಹುಪಾಲು ಜನ ಒಂದು ಚುಕ್ಕೆ ಇಟ್ಟು ಮುಂದೆ ಹೋಗುತ್ತಾರೆ. ಉದ್ದ ಬರೆಯಲು ಹೇಳುವುದಕ್ಕಿಂತ ನಾಲ್ಕು ಸಿದ್ಧ ಕಾರಣಗಳನ್ನು ಕೊಡುವುದು ಮೇಲು.

ಸ್ಥಳೀಯ ತೊಡಕುಗಳು

ಹೊರಗಿನಿಂದ ತಂದ ನಿಯಮ ಇಲ್ಲಿ ತಪ್ಪು ಹೇಳಬಹುದು. ಹಾವು ಕಚ್ಚಿದ ಮಗುವಿಗೆ ಕೊಡುವ ವಿಷನಿರೋಧಕದ ಪ್ರಮಾಣ ದೊಡ್ಡವರಷ್ಟೇ, ಏಕೆಂದರೆ ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲ. ತೂಕ ನೋಡಿ ಪ್ರಮಾಣ ಇಳಿಸು ಎನ್ನುವ ಸಾಮಾನ್ಯ ನಿಯಮ ಇಲ್ಲಿ ಜಾರಿಯಲ್ಲಿದ್ದರೆ ಎಚ್ಚರಿಕೆಯೇ ಅಪಾಯ. 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ ರಾಜ್ಯದಲ್ಲಿ, ಕಬ್ಬಿನ ಗದ್ದೆಗಳ ಜಮಖಂಡಿ-ಮುಧೋಳ ಸೀಮೆಯಲ್ಲಿ, ಇದು ದೂರದ ಉದಾಹರಣೆಯಲ್ಲ.

ಇನ್ನೊಂದು ಸಂಗತಿ ಬಾಗಲಕೋಟೆಗೆ ತೀರಾ ಹತ್ತಿರದ್ದು. 2000ದ ದಶಕದ ಆರಂಭದಲ್ಲಿ ಎಚ್‌ಐವಿ ಸೋಂಕು ಹಳ್ಳಿಗಳಲ್ಲೂ ಹೆಚ್ಚಾಗಿ ಕಂಡ ಜಿಲ್ಲೆ ಇದು; ಕೆನಡಾದ ನೆರವಿನ ತಡೆ ಯೋಜನೆ ಇಲ್ಲಿ ನಡೆದದ್ದೂ ಅದಕ್ಕೇ. ಎಚ್‌ಐವಿ ಇದ್ದವರಿಗೆ ಕ್ಷಯ ಬಂದು ರಿಫಾಂಪಿಸಿನ್ ಶುರುವಾದರೆ ಡೊಲುಟೆಗ್ರಾವಿರ್ ಮಾತ್ರೆಯ ಬಲ ಕುಗ್ಗುತ್ತದೆ, ಆದ್ದರಿಂದ ದಿನಕ್ಕೆ ಒಂದರ ಬದಲು 12 ಗಂಟೆಗೊಮ್ಮೆ ಎರಡು ಸಲ 50 ಮಿಲಿಗ್ರಾಂ ಕೊಡಬೇಕು. ಕಂಪ್ಯೂಟರಿಗೆ ಇದು ಬಲು ಸುಲಭದ ನಿಯಮ. ಆದರೆ ಕ್ಷಯದ ವಿವರ 2012ರಲ್ಲಿ ಆರಂಭವಾದ ನಿಕ್ಷಯ್‌ನಲ್ಲಿ, ಎಚ್‌ಐವಿ ಚಿಕಿತ್ಸೆಯ ವಿವರ ಬೇರೊಂದು ವ್ಯವಸ್ಥೆಯಲ್ಲಿ. ಒಬ್ಬ ವೈದ್ಯರ ಮುಂದೆ ಎರಡೂ ಒಟ್ಟಿಗೆ ಇಲ್ಲದ ಕಡೆ ಎಚ್ಚರಿಕೆ ಹುಟ್ಟುವುದೇ ಇಲ್ಲ. ಹುಟ್ಟಿದರೂ ಅದನ್ನು ಹೇಗೆ ತೋರಿಸಬೇಕೆಂಬ ಪ್ರಶ್ನೆ ಉಳಿಯುತ್ತದೆ. ನಮ್ಮ ಒಪಿಡಿಯಲ್ಲಿ ಪರದೆಯ ಹಿಂದೆ ಮುಂದೆ ಅತ್ತೆ, ಮೈದುನ, ಪಕ್ಕದ ಮನೆಯವರು ನಿಂತಿರುತ್ತಾರೆ. ರೋಗದ ಹೆಸರನ್ನು ಕೆಂಪಕ್ಷರದಲ್ಲಿ ಮೂಡಿಸಿದರೆ, ಗುಟ್ಟು ಕಾಪಾಡಬೇಕೆಂದು ಹೇಳುವ 2017ರ ಎಚ್‌ಐವಿ ಕಾಯ್ದೆಗೆ ಏನು ಬೆಲೆ ಬಂತು? ಔಷಧದ ಪ್ರಮಾಣ ಬದಲಿಸಿ ಎಂದಷ್ಟೇ ಹೇಳಿ, ಕಾರಣವನ್ನು ಒತ್ತಿದಾಗ ಮಾತ್ರ ತೋರಿಸುವುದು ವಿವೇಕ.

ಕ್ಷಯದ ಕಾರ್ಯಕ್ರಮದಿಂದಲೇ ಇನ್ನೊಂದು ಪಾಠ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಹುಟ್ಟಿದ 99ಡಾಟ್ಸ್‌ನಲ್ಲಿ ಮಾತ್ರೆ ಬಿಡಿಸಿದಾಗ ಪೊಟ್ಟಣದ ಒಳಗೆ ಅಡಗಿದ ಫೋನ್ ಸಂಖ್ಯೆ ಕಾಣುತ್ತದೆ. ರೋಗಿ ಅದಕ್ಕೆ ಮಿಸ್ಡ್ ಕಾಲ್ ಕೊಡಬೇಕು, ಕೊಡದಿದ್ದರೆ ಆರೋಗ್ಯ ಕಾರ್ಯಕರ್ತರಿಗೆ ಸುದ್ದಿ ಹೋಗುತ್ತದೆ. ಜಾಣ ಉಪಾಯವೇ ಸರಿ. ಆದರೆ ಮನೆಗೊಂದೇ ಫೋನು, ಅದೂ ಗಂಡನ ಜೇಬಿನಲ್ಲಿ, ಚಾರ್ಜಿಲ್ಲ, ನೆಟ್‌ವರ್ಕಿಲ್ಲ. ಮಾತ್ರೆ ನುಂಗಿಯೂ ಕರೆ ಮಾಡದವರು ಮಾತ್ರೆ ಬಿಟ್ಟವರ ಪಟ್ಟಿಗೆ ಸೇರುತ್ತಾರೆ.

ಔಷಧದ ಬ್ರಾಂಡ್ ಹೆಸರುಗಳ ಕಾಡು ಬೇರೆ ಇದೆ. ಒಂದೇ ಔಷಧಕ್ಕೆ ಹತ್ತಾರು ಹೆಸರು, ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧ. ಬ್ರಾಂಡಿನ ಒಳಗೇನಿದೆ ಎಂದು ತಿಳಿಯದ ವ್ಯವಸ್ಥೆಗೆ, ಇಳಕಲ್ಲಿನ ನೇಕಾರರೊಬ್ಬರು ಎರಡು ಅಂಗಡಿಗಳಿಂದ ಎರಡು ಹೆಸರಿನ ಒಂದೇ ಬಿಪಿ ಮಾತ್ರೆ ನುಂಗುತ್ತಿದ್ದರೂ ಗೊತ್ತಾಗದು. ಪುಣೆಯ ಸಿ-ಡ್ಯಾಕ್‌ನಲ್ಲಿರುವ ರಾಷ್ಟ್ರೀಯ ಸಂಪನ್ಮೂಲ ಕೇಂದ್ರ ಭಾರತೀಯ ಔಷಧಗಳಿಗೆ ಸಾಮಾನ್ಯ ಸಂಕೇತಗಳನ್ನು ಕೊಡುತ್ತಿರುವುದು ಈ ತೊಡಕು ಬಿಡಿಸಲು.

ಊಹಿಸುವ ಯಂತ್ರಗಳು ಮತ್ತು ಉಸ್ತುವಾರಿ

ನಿಯಮದ ಬದಲು ಹಳೆಯ ದಾಖಲೆಗಳಿಂದ ಕಲಿತು ಅಪಾಯ ಊಹಿಸುವ ವ್ಯವಸ್ಥೆಗಳೂ ಬಂದಿವೆ. ಎಪಿಕ್ ಕಂಪನಿಯ ನಂಜು ಎಚ್ಚರಿಕೆಯನ್ನು ಮಿಷಿಗನ್ ವಿಶ್ವವಿದ್ಯಾಲಯದವರು ಸ್ವತಂತ್ರವಾಗಿ ಪರೀಕ್ಷಿಸಿದಾಗ (2021) ಅದು ನಂಜಾದವರಲ್ಲಿ ಶೇ. 67 ಮಂದಿಯನ್ನು ಗುರುತಿಸಿರಲಿಲ್ಲ. ಆದರೆ ಒಳರೋಗಿಗಳಾಗಿ ದಾಖಲಾದವರಲ್ಲಿ ಶೇ. 18ರ ಮೇಲೆ ಕೂಗಿತ್ತು. ಯೇಲ್ ತಂಡ 6 ಆಸ್ಪತ್ರೆಗಳ 6,030 ರೋಗಿಗಳಲ್ಲಿ ಮೂತ್ರಪಿಂಡ ಹಾನಿಯ ಎಚ್ಚರಿಕೆಯನ್ನು ಪರೀಕ್ಷಿಸಿದ ವರದಿಯೂ ಅದೇ ವರ್ಷ ಬಂತು. ಒಟ್ಟಾರೆ ಲಾಭ ಕಾಣಲಿಲ್ಲ. ಬೋಧನಾ ಆಸ್ಪತ್ರೆಗಳಲ್ಲದ ಕಡೆ ಎಚ್ಚರಿಕೆ ಬಂದ ಗುಂಪಿನಲ್ಲೇ ಸಾವು ಹೆಚ್ಚಿತ್ತು. ಎಚ್ಚರಿಕೆಯಿಂದ ಲಾಭವಾಗದಿದ್ದರೂ ನಷ್ಟವಿಲ್ಲ ಎಂಬ ನಂಬಿಕೆ ಅಲ್ಲಿಗೆ ಅಲುಗಿತು.

ಎಚ್ಚರಿಕೆಯನ್ನು ಹಚ್ಚುವವರು ಬಹಳ, ತೆಗೆಯುವವರು ಕಡಿಮೆ. ಒಂದು ಅವಘಡವಾದಾಗ ಸಮಿತಿ ಕೂಡಿ ಹೊಸ ನಿಯಮ ಸೇರಿಸುತ್ತದೆ. ಹಳೆಯದು ಯಾಕಿದೆ ಎಂದು ಕೇಳುವ ಸಭೆ ಕೂಡುವುದು ಅಪರೂಪ. ಆದ್ದರಿಂದ ಪ್ರತಿ ನಿಯಮಕ್ಕೂ ಒಬ್ಬ ಒಡೆಯರಿರಬೇಕು: ಬರೆದ ವೈದ್ಯರ ಹೆಸರು, ಬರೆದ ದಿನ, ಮತ್ತೆ ನೋಡಬೇಕಾದ ದಿನ. ತಿಂಗಳಿಗೆ ಎಷ್ಟು ಸಲ ಎದ್ದಿತು, ಎಷ್ಟು ಸಲ ಬದಿಗೆ ಸರಿಯಿತು, ಬದಿಗೊತ್ತಿದವರಲ್ಲಿ ಎಷ್ಟು ಮಂದಿ ಸರಿಯಾಗಿಯೇ ಮಾಡಿದ್ದರು ಎಂಬ ಮೂರು ಸಂಖ್ಯೆಗಳು ಬೇಕು. ಮೊದಲೆರಡು ತಂತ್ರಾಂಶದ ಲಾಗಿನಲ್ಲೇ ಸಿಗುತ್ತವೆ. ಮೂರನೆಯದಕ್ಕೆ ಮಾತ್ರ ಯಾರಾದರೂ ಕೂತು ಕೇಸ್‌ಶೀಟ್ ತೆರೆದು ಓದಬೇಕು. ಹೊಸ ನಿಯಮವನ್ನು ಕೆಲವು ವಾರ ಪರದೆಗೆ ತಾರದೆ ತೆರೆಮರೆಯಲ್ಲಿ ಓಡಿಸಿ, ಎಷ್ಟು ಸಲ ಸುಳ್ಳು ಹೇಳುತ್ತಿತ್ತು ಎಂದು ಎಣಿಸಿ ನೋಡುವ ಪದ್ಧತಿಯೂ ಇದೆ. ಡ್ಯೂಟಿಯಲ್ಲಿರುವ ನರ್ಸಿಗೆ ಅದರ ಸದ್ದು ಮೊದಲ ಸಲ ಕೇಳಬೇಕಾದದ್ದು ಈ ಎಣಿಕೆ ಮುಗಿದ ಮೇಲೆ.